ಮನೆ ಕಟ್ಟದೆ ಮನೆಗಳನ್ನು ಉಳಿಸಿದ ಛಾಯಾಗ್ರಾಹಕ

ಏಳು ವರ್ಷ ವಿಶ್ವವಿದ್ಯಾಲಯಗಳಲ್ಲಿ ಓಡಾಡಿ, ಕೊನೆಗೆ ಕೈಯಲ್ಲಿ ಒಂದು ಪದವಿ ಪತ್ರವೂ ಇಲ್ಲದೆ ಇಪ್ಪತ್ತೈದು ತುಂಬಿದ ಮಗ ಊರಿಗೆ ಹಿಂದಿರುಗಿದರೆ ಯಾವ ತಾಯಿಗೆ ತಾನೇ ಚಿಂತೆಯಾಗುವುದಿಲ್ಲ? ಅದರಲ್ಲೂ ಗಂಡನನ್ನು ಕಳೆದುಕೊಂಡು, ಅಂಗಡಿ ನಡೆಸಿ ಐದು ಮಕ್ಕಳನ್ನು ಸಾಕಿದ ತಾಯಿಗೆ? 1936ರ ಫೆಬ್ರುವರಿಯಲ್ಲಿ ಅಮೆರಿಕದ ಲಾಸ್ ಏಂಜಲೀಸ್ ನಗರಕ್ಕೆ ಮರಳಿ ಬಂದ ಜೂಲಿಯಸ್ ಶುಲ್ಮನ್ ಎಂಬ ಯುವಕನ ಸ್ಥಿತಿ ಹೀಗೇ ಇತ್ತು. ಪದವಿಯಿಲ್ಲ, ಕೆಲಸವಿಲ್ಲ, ಮುಂದೇನು ಎಂಬ ಯೋಜನೆಯೂ ಇಲ್ಲ. ಇದ್ದದ್ದು ಜೇಬಿನಲ್ಲಿ ಹಿಡಿಸುವಷ್ಟು ಪುಟ್ಟದಾದ ಒಂದು ಕೋಡಕ್ ಕ್ಯಾಮೆರಾ ಮಾತ್ರ.

ಆದರೆ ಕೆಲವೇ ದಿನಗಳಲ್ಲಿ ಆ ಯುವಕನಿಗೆ ಬದುಕಿನ ದಾರಿ ಸಿಕ್ಕಿತು. ಮುಂದಿನ ಎಪ್ಪತ್ತಕ್ಕೂ ಹೆಚ್ಚು ವರ್ಷ ಆತ ಆ ದಾರಿಯಲ್ಲೇ ನಡೆದ. ಇಪ್ಪತ್ತನೆಯ ಶತಮಾನದ ಅಮೆರಿಕದ ಮನೆಗಳು ಹೇಗಿದ್ದವು ಎಂದು ಜಗತ್ತು ಇಂದು ಕಲ್ಪಿಸಿಕೊಳ್ಳುವುದರಲ್ಲಿ ಶುಲ್ಮನ್ ತೆಗೆದ ಚಿತ್ರಗಳ ಪಾಲು ದೊಡ್ಡದು. ವಾಸ್ತುಶಿಲ್ಪದ ಛಾಯಾಗ್ರಹಣವನ್ನು ಅವರು ಯಾವ ಗುರುವಿನ ಕೈಕೆಳಗೂ ಕಲಿಯಲಿಲ್ಲ. ಯಾವ ಸ್ಟುಡಿಯೋದಲ್ಲೂ ಸಹಾಯಕರಾಗಿ ದುಡಿಯಲಿಲ್ಲ. ಪ್ರೌಢಶಾಲೆಯಲ್ಲಿ ಕೂತ ಒಂದು ಛಾಯಾಗ್ರಹಣ ತರಗತಿಯೇ ಅವರ ಔಪಚಾರಿಕ ಶಿಕ್ಷಣದ ಆದಿ ಮತ್ತು ಅಂತ್ಯ.

ಹೊಲದಿಂದ ನಗರಕ್ಕೆ

ಶುಲ್ಮನ್ ಹುಟ್ಟಿದ್ದು 1910ರ ಅಕ್ಟೋಬರ್ 10ರಂದು, ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ. ರಷ್ಯಾದಿಂದ ವಲಸೆ ಬಂದ ಯಹೂದಿ ಕುಟುಂಬ. ಮಗು ಇನ್ನೂ ಚಿಕ್ಕದಿರುವಾಗಲೇ ತಂದೆ ತಾಯಿ ಕನೆಕ್ಟಿಕಟ್ ರಾಜ್ಯದ ಹಳ್ಳಿಯೊಂದಕ್ಕೆ ಹೋಗಿ ಬೇಸಾಯಕ್ಕೆ ನಿಂತರು. ಹೀಗಾಗಿ ಮುಂದೆ ನಗರದ ಛಾಯಾಗ್ರಾಹಕನಾಗಲಿದ್ದ ಹುಡುಗ ಬೆಳೆದದ್ದು ಹೊಲ, ಮರ, ಬಿಸಿಲು, ನೆರಳುಗಳ ನಡುವೆ. 1920ರಲ್ಲಿ, ಹುಡುಗನಿಗೆ ಹತ್ತು ವರ್ಷವಾಗುವ ಹೊತ್ತಿಗೆ, ಕುಟುಂಬ ಪಶ್ಚಿಮ ತೀರದ ಲಾಸ್ ಏಂಜಲೀಸಿಗೆ ಬಂದು ಬಾಯ್ಲ್ ಹೈಟ್ಸ್ ಎಂಬ ಬಡಾವಣೆಯಲ್ಲಿ ಬಟ್ಟೆಬರೆಯ ಅಂಗಡಿ ತೆರೆಯಿತು. ಮೂರೇ ವರ್ಷದಲ್ಲಿ ತಂದೆ ಕ್ಷಯರೋಗದಿಂದ ತೀರಿಕೊಂಡರು. ಅಂಗಡಿಯ ಭಾರ, ಐದು ಮಕ್ಕಳ ಭಾರ ಎರಡೂ ತಾಯಿಯ ಹೆಗಲೇರಿದವು.

ಹುಡುಗನಿಗೆ ಸ್ಕೌಟ್ ಶಿಬಿರ, ಬೆಟ್ಟಗುಡ್ಡಗಳ ಅಲೆದಾಟ ಎಂದರೆ ಬಲು ಇಷ್ಟ. ಬಾಯ್ಲ್ ಹೈಟ್ಸ್‌ನ ರೂಸ್‌ವೆಲ್ಟ್ ಪ್ರೌಢಶಾಲೆಯಲ್ಲಿ ಛಾಯಾಗ್ರಹಣವೂ ಒಂದು ಪಾಠವಾಗಿತ್ತು. ಮನೆಯಲ್ಲಿದ್ದ ಬ್ರೌನಿ ಬಾಕ್ಸ್ ಕ್ಯಾಮೆರಾದಲ್ಲಿ ಕ್ರೀಡಾಂಗಣದ ಓಟದ ಸ್ಪರ್ಧೆಯನ್ನು ಚಿತ್ರೀಕರಿಸಿ ಆತ ಒಳ್ಳೆಯ ಅಂಕ ಪಡೆದ. ಅದು ಮುಂದೊಂದು ದಿನ ವೃತ್ತಿಯಾದೀತು ಎಂದು ಮನೆಯವರಾಗಲೀ ಆತನಾಗಲೀ ಎಣಿಸಿರಲಿಲ್ಲ.

1929ರಲ್ಲಿ ಆತ ಲಾಸ್ ಏಂಜಲೀಸಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಸೇರಿದ್ದು ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಓದಲು. ನಮ್ಮ ಮನೆಗಳಲ್ಲಿ ಎಂಜಿನಿಯರಿಂಗ್ ಸೀಟಿಗೆ ಇರುವ ಮರ್ಯಾದೆ ಗೊತ್ತಿದ್ದವರಿಗೆ ಮುಂದಿನ ಮಾತು ಕೇಳಿ ಎದೆ ಧಸಕ್ಕೆನ್ನಬಹುದು: ಎರಡೇ ವಾರದಲ್ಲಿ ಆತ ಅದನ್ನು ಬಿಟ್ಟ. ಆದರೆ ವಿಶ್ವವಿದ್ಯಾಲಯವನ್ನು ಬಿಡಲಿಲ್ಲ! ಪರೀಕ್ಷೆ, ಪದವಿಗಳ ಗೊಡವೆಯಿಲ್ಲದೆ ತನಗೆ ಹಿಡಿಸಿದ ತರಗತಿಗಳಲ್ಲಿ ಹೋಗಿ ಕೂತು ಪಾಠ ಕೇಳಿದ. ಆಮೇಲೆ ಬರ್ಕ್ಲಿಗೆ ಹೋಗಿ ಅಲ್ಲಿಯೂ ಅದನ್ನೇ ಮಾಡಿದ. ಅದು ಅಮೆರಿಕ ಆರ್ಥಿಕ ಕುಸಿತದಲ್ಲಿ ತತ್ತರಿಸುತ್ತಿದ್ದ ಕಾಲ. ಪದವಿ ಪಡೆದವರಿಗೂ ಕೆಲಸ ಸಿಗುತ್ತಿರಲಿಲ್ಲ ಎಂಬುದನ್ನು ಮರೆಯುವಂತಿಲ್ಲ.

ಆ ವರ್ಷಗಳಲ್ಲಿ ಉಡುಗೊರೆಯಾಗಿ ಬಂದದ್ದು ಕೋಡಕ್ ಕಂಪೆನಿಯ 'ವೆಸ್ಟ್ ಪಾಕೆಟ್' ಕ್ಯಾಮೆರಾ. ಮಡಿಸಿ ಜೇಬಿಗಿಳಿಸುವ ಸಾಧನ. ಬರ್ಕ್ಲಿಯ ಕಾಲೇಜು ಕಟ್ಟಡಗಳ ಚಿತ್ರ ತೆಗೆದು, ಚೌಕಟ್ಟು ಹಾಕಿ, ಅಲ್ಲಿನ ಪುಸ್ತಕದಂಗಡಿಯ ಮೂಲಕ ಮಾರಿ ಆತ ಖರ್ಚಿಗೆ ದಾರಿ ಮಾಡಿಕೊಂಡ. 1933ರಲ್ಲಿ ತೆಗೆದ ಲಾಸ್ ಏಂಜಲೀಸಿನ ಆರನೆಯ ಬೀದಿಯ ಸೇತುವೆಯ ಚಿತ್ರಕ್ಕೆ ಪತ್ರಿಕೆಯೊಂದರ ಸ್ಪರ್ಧೆಯಲ್ಲಿ ಮೊದಲ ಬಹುಮಾನವೂ ಬಂತು. ಆ ಸೇತುವೆಯ ಕಥೆಯನ್ನೂ ಇಲ್ಲೇ ಹೇಳಿಬಿಡಬೇಕು. 1932ರಲ್ಲಿ ಕಟ್ಟಿದ ಅದರ ಕಾಂಕ್ರೀಟ್ ಒಳಗಿನ ರಾಸಾಯನಿಕ ಕ್ರಿಯೆಯಿಂದ ಬಿರುಕು ಬಿಟ್ಟು, 2016ರಲ್ಲಿ ಇಡೀ ಸೇತುವೆಯನ್ನು ಕೆಡವಬೇಕಾಯಿತು. 2022ರಲ್ಲಿ ಅಲ್ಲಿ ಹೊಸ ಸೇತುವೆ ಬಂದಿದೆ. ಕಲ್ಲು-ಕಬ್ಬಿಣದ ಸೇತುವೆ ಹೋಯಿತು. ಇಪ್ಪತ್ತು ದಾಟಿದ ಹುಡುಗನೊಬ್ಬನ ಕಾಗದದ ಚಿತ್ರ ಉಳಿಯಿತು. ಶುಲ್ಮನ್ ಅವರ ವೃತ್ತಿಜೀವನದ ಉದ್ದಕ್ಕೂ ಈ ಮಾತು ಮತ್ತೆ ಮತ್ತೆ ನಿಜವಾಗಿದೆ.

ಆರು ಚಿತ್ರಗಳ ಕಥೆ

ಲಾಸ್ ಏಂಜಲೀಸಿಗೆ ಮರಳಿದಾಗ ಶುಲ್ಮನ್ ಅವರ ಅಕ್ಕನ ಮನೆಯಲ್ಲಿ ಒಬ್ಬ ಯುವಕ ಕೋಣೆ ಬಾಡಿಗೆಗೆ ಪಡೆದಿದ್ದ. ಆತ ರಿಚರ್ಡ್ ನಾಯ್ಟ್ರಾ ಎಂಬ ವಾಸ್ತುಶಿಲ್ಪಿಯ ಕಚೇರಿಯಲ್ಲಿ ನಕಾಶೆ ಬರೆಯುತ್ತಿದ್ದವನು. ನಾಯ್ಟ್ರಾ ಆಸ್ಟ್ರಿಯದ ವಿಯೆನ್ನಾದಲ್ಲಿ 1892ರಲ್ಲಿ ಹುಟ್ಟಿ, 1923ರಲ್ಲಿ ಅಮೆರಿಕಕ್ಕೆ ಬಂದವರು. ಉಕ್ಕು, ಗಾಜು, ತೆಳುಗೋಡೆಗಳ ಹೊಸ ಬಗೆಯ ಮನೆ ಕಟ್ಟುತ್ತಿದ್ದವರು. ಹಾಲಿವುಡ್‌ನ ಗುಡ್ಡದ ಮೇಲೆ ಏಳುತ್ತಿದ್ದ ಅವರ ಹೊಸ ಮನೆ 'ಕುನ್ ಹೌಸ್' ನೋಡಲು ಹೋಗುವಾಗ ಆ ಯುವಕ ಶುಲ್ಮನ್‌ರನ್ನೂ ಜೊತೆಗೆ ಕರೆದ. ಅಂಥ ಮನೆಯನ್ನು ಶುಲ್ಮನ್ ಅದುವರೆಗೆ ಕಂಡಿರಲಿಲ್ಲ. ಜೇಬಿನ ಕ್ಯಾಮೆರಾ ತೆಗೆದು ಆರು ಚಿತ್ರ ಹಿಡಿದರು. ಪ್ರಿಂಟು ಹಾಕಿಸಿ, ಕರೆದೊಯ್ದ ಉಪಕಾರಕ್ಕಾಗಿ ಅವನ್ನು ಆ ಯುವಕನಿಗೇ ಕೊಟ್ಟರು.

ಯುವಕ ಅವನ್ನು ನಾಯ್ಟ್ರಾ ಅವರಿಗೆ ತೋರಿಸಿದ. ನಾಯ್ಟ್ರಾ ಛಾಯಾಗ್ರಾಹಕನನ್ನು ಕರೆಸಿದರು. 1936ರ ಮಾರ್ಚ್ 5ರಂದು ಇಬ್ಬರ ಭೇಟಿಯಾಯಿತು. ನಾಯ್ಟ್ರಾ ಆ ಚಿತ್ರಗಳನ್ನು ಹಣಕೊಟ್ಟು ಕೊಂಡುಕೊಂಡದ್ದೇ ಅಲ್ಲದೆ ತಮ್ಮ ಇತರ ಮನೆಗಳನ್ನೂ ಚಿತ್ರೀಕರಿಸಲು ಹೇಳಿದರು. ವಾಸ್ತುಶಿಲ್ಪದ ಬಗ್ಗೆ ಏನೂ ಓದಿರದ, ಛಾಯಾಗ್ರಹಣವನ್ನು ವೃತ್ತಿಯೆಂದು ಯೋಚಿಸಿಯೂ ಇರದ ಯುವಕನಿಗೆ ಒಂದೇ ದಿನದಲ್ಲಿ ಎರಡೂ ಒದಗಿದವು. ನಾಯ್ಟ್ರಾ ಅವರ ಸೂಚನೆಯಂತೆ ಅಂದೇ ಹೋಗಿ ಕಂಡ ಮತ್ತೊಬ್ಬ ತರುಣ ವಾಸ್ತುಶಿಲ್ಪಿ ರಫೇಲ್ ಸೊರಿಯಾನೊ. ಮುಂದೆ ಶುಲ್ಮನ್‌ರ ಸ್ವಂತ ಮನೆ ಮತ್ತು ಸ್ಟುಡಿಯೋವನ್ನು ಕಟ್ಟಿಕೊಟ್ಟವರು ಇದೇ ಸೊರಿಯಾನೊ.

ಇದನ್ನು ಅದೃಷ್ಟ ಎನ್ನಬಹುದೇ? ಅಕ್ಕನ ಮನೆಯ ಬಾಡಿಗೆದಾರ ನಾಯ್ಟ್ರಾ ಅವರ ಕಚೇರಿಯವನಾಗಿದ್ದದ್ದು ಖಂಡಿತ ಅದೃಷ್ಟ. ಆದರೆ ಅದೇ ಮನೆಯನ್ನು ನೋಡಲು ಹೋದವರೆಲ್ಲ ಆರು ಒಳ್ಳೆಯ ಚಿತ್ರ ತೆಗೆದು ತರುತ್ತಿರಲಿಲ್ಲ. ಅದಕ್ಕೆ ಮೊದಲಿನ ವರ್ಷಗಳಲ್ಲಿ ಸೇತುವೆಯನ್ನೂ ಕಾಲೇಜು ಕಟ್ಟಡಗಳನ್ನೂ ಯಾರೂ ಹೇಳದೆಯೇ ತೆಗೆದು ತೆಗೆದು ಕಣ್ಣು ಪಳಗಿತ್ತು. ಅವಕಾಶ ಬಂದಾಗ ಜೇಬಿನಲ್ಲಿ ಕ್ಯಾಮೆರಾವೂ ಇತ್ತು, ಅದನ್ನು ಎಲ್ಲಿ ನಿಂತು ಹಿಡಿಯಬೇಕೆಂಬ ಅರಿವೂ ಇತ್ತು.

ಕಟ್ಟಡದ ಚಿತ್ರ ಏಕೆ ಕಷ್ಟ?

ಮನುಷ್ಯರಂತೆ ಕಟ್ಟಡ ಅಲುಗಾಡುವುದಿಲ್ಲ, ಕಣ್ಣು ಮಿಟುಕಿಸುವುದಿಲ್ಲ. ಅದರ ಚಿತ್ರ ತೆಗೆಯುವುದು ಏನು ಮಹಾ ಎನ್ನಿಸಬಹುದು. ಒಮ್ಮೆ ಪ್ರಯತ್ನಿಸಿದವರಿಗೆ ತೊಡಕು ಗೊತ್ತಾಗುತ್ತದೆ. ಎತ್ತರದ ಕಟ್ಟಡದ ತುದಿ ಸಿಗಲೆಂದು ಕ್ಯಾಮೆರಾವನ್ನು ಮೇಲಕ್ಕೆ ವಾಲಿಸಿದೊಡನೆ ಗೋಡೆಗಳು ಒಂದರತ್ತ ಒಂದು ಬಾಗಿ, ಕಟ್ಟಡ ಹಿಂದಕ್ಕೆ ಬೀಳುತ್ತಿರುವಂತೆ ಕಾಣುತ್ತದೆ. ಫಿಲ್ಮು ಗೋಡೆಗೆ ಸಮಾನಾಂತರವಾಗಿದ್ದರೆ ಮಾತ್ರ ನೇರವಾದದ್ದು ನೇರವಾಗಿ ಮೂಡುತ್ತದೆ. ಇದಕ್ಕೆಂದೇ ವೃತ್ತಿನಿರತರು ತಿದಿಯಂಥ ಮಡಿಕೆಗಳುಳ್ಳ ದೊಡ್ಡ ಕ್ಯಾಮೆರಾ ಬಳಸುತ್ತಿದ್ದರು. ಅದರಲ್ಲಿ ಕ್ಯಾಮೆರಾವನ್ನು ವಾಲಿಸದೆ ಮುಂದಿನ ಲೆನ್ಸನ್ನಷ್ಟೇ ಮೇಲಕ್ಕೆ ಸರಿಸಬಹುದು. ಶುಲ್ಮನ್ ಕೂಡ ಜೇಬಿನ ಕ್ಯಾಮೆರಾದಿಂದ ಇಂಥ ಕ್ಯಾಮೆರಾಕ್ಕೆ ಬಂದರು. ಒಂದೊಂದು ಫಿಲ್ಮ್ ಹಾಳೆಯೂ ನಾಲ್ಕು ಇಂಚು ಅಗಲ, ಐದು ಇಂಚು ಉದ್ದ. ಒಂದು ಹಾಳೆಗೆ ಒಂದೇ ಚಿತ್ರ. ಆದ್ದರಿಂದ ಗುಂಡಿ ಒತ್ತುವ ಮೊದಲು ಹತ್ತು ಸಲ ಯೋಚಿಸಬೇಕು.

ಎರಡನೆಯ ತೊಡಕು ಬೆಳಕಿನದು. ನಮ್ಮ ಕಣ್ಣಿಗೆ ಕೋಣೆಯ ಒಳಗೂ ಕಾಣುತ್ತದೆ, ಕಿಟಕಿಯಾಚೆಯ ಬಿಸಿಲೂ ಕಾಣುತ್ತದೆ. ಫಿಲ್ಮಿಗೆ ಆ ಶಕ್ತಿಯಿಲ್ಲ. ಒಳಗಿನದಕ್ಕೆ ಹೊಂದಿಸಿದರೆ ಕಿಟಕಿ ಬರೀ ಬಿಳಿ ಮಚ್ಚೆ. ಹೊರಗಿನದಕ್ಕೆ ಹೊಂದಿಸಿದರೆ ಕೋಣೆ ಕಗ್ಗತ್ತಲು. ನಾಯ್ಟ್ರಾ ಮತ್ತು ಅವರ ಸಂಗಡಿಗರು ಕಟ್ಟುತ್ತಿದ್ದ ಮನೆಗಳ ತಿರುಳೇ ಒಳಗು ಹೊರಗುಗಳನ್ನು ಒಂದು ಮಾಡುವುದಾಗಿತ್ತು. ಎರಡನ್ನೂ ಒಂದೇ ಚಿತ್ರದಲ್ಲಿ ತೋರಿಸದಿದ್ದರೆ ಆ ಮನೆಯನ್ನೇ ತೋರಿಸಿದಂತಾಗುವುದಿಲ್ಲ.

ಈ ಸಮಸ್ಯೆಗೆ ಶುಲ್ಮನ್ ಕಂಡುಕೊಂಡ ಪರಿಹಾರ ತಾಳ್ಮೆ. 1947ರಲ್ಲಿ ಪಾಮ್ ಸ್ಪ್ರಿಂಗ್ಸ್ ಎಂಬ ಮರುಭೂಮಿಯ ಊರಿನಲ್ಲಿ ನಾಯ್ಟ್ರಾ ಕಟ್ಟಿದ ಕಾಫ್‌ಮನ್ ಮನೆಯ ಚಿತ್ರ ಇದಕ್ಕೆ ಉತ್ತಮ ನಿದರ್ಶನ. (ಫ್ರಾಂಕ್ ಲಾಯ್ಡ್ ರೈಟ್ ಅವರಿಂದ ಜಲಪಾತದ ಮೇಲೆ 'ಫಾಲಿಂಗ್‌ವಾಟರ್' ಮನೆ ಕಟ್ಟಿಸಿದ ವ್ಯಾಪಾರಿ ಕಾಫ್‌ಮನ್ ಅವರದೇ ಈ ಮನೆಯೂ.) ಸಂಜೆಯಾಗಿತ್ತು. ನಾಯ್ಟ್ರಾ ಒಳಗಿನ ಚಿತ್ರಗಳು ಬೇಕೆಂದು ಅವಸರಪಡಿಸುತ್ತಿದ್ದರು. ಆದರೆ ಬೆಟ್ಟಗಳ ಮೇಲೆ ಇಳಿಯುತ್ತಿದ್ದ ಬೆಳಕನ್ನು ಕಂಡ ಶುಲ್ಮನ್ ಕ್ಯಾಮೆರಾ ಹೊತ್ತು ಹೊರಕ್ಕೆ ಓಡಿದರು. ಈಜುಕೊಳದ ಆಚೆ ಟ್ರೈಪಾಡ್ ನಿಲ್ಲಿಸಿ, ಒಂದೇ ಫಿಲ್ಮ್ ಹಾಳೆಯ ಮೇಲೆ ಸುಮಾರು 45 ನಿಮಿಷ ಕೆಲಸ ಮಾಡಿದರು. ಮಧ್ಯೆ ಮಧ್ಯೆ ಶಟರ್ ಮುಚ್ಚಿ, ಮನೆಯೊಳಗೆ ಹೋಗಿ ದೀಪಗಳನ್ನು ಹಾಕುವುದು, ಆರಿಸುವುದು, ಮತ್ತೆ ಬಂದು ಶಟರ್ ತೆರೆಯುವುದು. ಆಕಾಶಕ್ಕೆ ಇಷ್ಟು ಹೊತ್ತು, ಬೆಟ್ಟಕ್ಕೆ ಇಷ್ಟು ಹೊತ್ತು, ಕೋಣೆಯ ದೀಪಕ್ಕೆ ಇಷ್ಟು ಹೊತ್ತು ಎಂದು ಅಳೆದು ಅಳೆದು ಬೆಳಕು ಬಡಿಸುವುದು. ಕೊಳದ ದೀಪವೊಂದರ ಪ್ರಖರತೆ ಫಿಲ್ಮನ್ನು ಕೆಡಿಸುವಂತಿದ್ದುದರಿಂದ, ಮನೆಯೊಡತಿಯನ್ನೇ ಕೊಳದಂಚಿನಲ್ಲಿ ಒರಗಿ ಕೂತು ಆ ದೀಪಕ್ಕೆ ಮರೆಯಾಗುವಂತೆ ಕೇಳಿಕೊಂಡರು! ಚಿತ್ರ ನೋಡಿದವರಿಗೆ ಕಾಣುವುದು ಸಂಜೆಯ ತಂಪಿನಲ್ಲಿ ವಿರಮಿಸುತ್ತಿರುವ ಒಬ್ಬ ಮಹಿಳೆ.

1949ರ ಆಗಸ್ಟ್‌ನಲ್ಲಿ 'ಟೈಮ್' ಪತ್ರಿಕೆ ನಾಯ್ಟ್ರಾ ಅವರನ್ನು ಮುಖಪುಟದಲ್ಲಿ ಹಾಕಿತು. ನಾಯ್ಟ್ರಾ ಅವರ ಮನೆಗಳಿಗೆ ಕಾಲಿಟ್ಟವರು ಬೆರಳೆಣಿಕೆಯಷ್ಟು ಜನ. ಶುಲ್ಮನ್ ಚಿತ್ರಗಳ ಮೂಲಕ ಅವನ್ನು ಕಂಡವರಿಗೆ ಲೆಕ್ಕವಿಲ್ಲ.

ಗಾಜಿನ ಮನೆ, ಕೆಳಗೆ ದೀಪಗಳ ಸಾಗರ

ಎರಡನೆಯ ಮಹಾಯುದ್ಧ ಮುಗಿಯುವ ಹೊತ್ತಿಗೆ, 1945ರ ಜನವರಿಯಲ್ಲಿ, ಲಾಸ್ ಏಂಜಲೀಸಿನ 'ಆರ್ಟ್ಸ್ ಅಂಡ್ ಆರ್ಕಿಟೆಕ್ಚರ್' ಮಾಸಪತ್ರಿಕೆಯ ಸಂಪಾದಕ ಜಾನ್ ಎಂಟೆನ್ಜಾ ಒಂದು ಯೋಜನೆ ಪ್ರಕಟಿಸಿದರು. ಯುದ್ಧದಿಂದ ಮರಳುವ ಲಕ್ಷಾಂತರ ಯೋಧರಿಗೆ ಮನೆ ಬೇಕು. ಹೊಸ ಸಾಮಗ್ರಿಗಳಿಂದ, ಸಾಮಾನ್ಯರ ಕೈಗೆಟಕುವಂತೆ ಅವನ್ನು ಕಟ್ಟುವುದು ಹೇಗೆಂದು ಒಳ್ಳೆಯ ವಾಸ್ತುಶಿಲ್ಪಿಗಳು ಮಾದರಿ ಮನೆಗಳನ್ನು ಕಟ್ಟಿ ತೋರಿಸಬೇಕು. 'ಕೇಸ್ ಸ್ಟಡಿ ಹೌಸಸ್' ಎಂದು ಹೆಸರಾದ ಈ ಯೋಜನೆ 1966ರವರೆಗೆ ನಡೆಯಿತು. ಆ ಮನೆಗಳಲ್ಲಿ ಹೆಚ್ಚಿನವನ್ನು ಚಿತ್ರೀಕರಿಸಿದವರು ಶುಲ್ಮನ್.

ಅವುಗಳಲ್ಲಿ 22ನೆಯದು ವಾಸ್ತುಶಿಲ್ಪಿ ಪಿಯೆರ್ ಕೋನಿಗ್ ಸ್ಟಾಲ್ ಎಂಬ ಕುಟುಂಬಕ್ಕಾಗಿ ಕಟ್ಟಿದ ಮನೆ. ಅದರ ನಿವೇಶನವನ್ನು 'ಇಲ್ಲಿ ಮನೆ ಕಟ್ಟಲಾಗದು' ಎಂದು ಜನ ಆಡಿಕೊಂಡಿದ್ದರು. ಹಾಲಿವುಡ್ ಗುಡ್ಡದ ತುತ್ತತುದಿಯ ಕಡಿದಾದ ಜಾಗ. ಕೋನಿಗ್ ಅಲ್ಲಿ ಉಕ್ಕಿನ ತೊಲೆಗಳನ್ನು ಶೂನ್ಯದತ್ತ ಚಾಚಿ, ಮೂರು ಕಡೆ ಗಾಜಿಟ್ಟು ಕೋಣೆ ಕಟ್ಟಿದರು. 1960ರ ಮೇ 9ರಂದು ಶುಲ್ಮನ್ ಅಲ್ಲಿಗೆ ಹೋದಾಗ ಮನೆಯ ಕೆಲಸ ಇನ್ನೂ ಪೂರ್ತಿ ಮುಗಿದಿರಲಿಲ್ಲ. ಕೂರಲು ಬೇಕಾದ ಸಾಮಾನುಗಳನ್ನು ಹೊರಗಿನಿಂದ ತಂದಿಡಬೇಕಾಯಿತು.

ರಾತ್ರಿಯಾಯಿತು. ಗಾಜಿನ ಮೂಲೆಯಲ್ಲಿ ಬಿಳಿ ಉಡುಪಿನ ಇಬ್ಬರು ಯುವತಿಯರು ಮಾತಾಡುತ್ತ ಕೂತರು. ಕೆಳಗೆ ಲಾಸ್ ಏಂಜಲೀಸಿನ ನೇರ ಬೀದಿಗಳ ದೀಪಗಳು ದಿಗಂತದವರೆಗೆ. ದೂರದ ಆ ದೀಪಗಳ ಮಿಣುಕು ಫಿಲ್ಮಿನ ಮೇಲೆ ಮೂಡಬೇಕಾದರೆ ಹಲವು ನಿಮಿಷ ಬೇಕು. ಅಷ್ಟು ಹೊತ್ತು ಕೋಣೆಯ ದೀಪ ಉರಿದರೆ ಕೋಣೆಯೆಲ್ಲ ಬಿಳಿಯಾಗಿ ಕರಗಿಹೋಗುತ್ತದೆ. ಯುವತಿಯರು ಅಲುಗಾಡಿದರೆ ಆಕೃತಿಗಳು ಮಸುಕಾಗುತ್ತವೆ. ಶುಲ್ಮನ್ ಕೋಣೆಯ ಗುಂಡು ದೀಪಗಳಲ್ಲಿ ಮಾಮೂಲಿ ಬಲ್ಬುಗಳ ಬದಲು ಫ್ಲ್ಯಾಶ್ ಬಲ್ಬುಗಳನ್ನು ಹಾಕಿದರು. ಎಲ್ಲವನ್ನೂ ಆರಿಸಿ, ಕತ್ತಲಲ್ಲೇ ಯುವತಿಯರನ್ನು ಕೂರಿಸಿ, ಸುಮಾರು ಏಳು ನಿಮಿಷ ಶಟರ್ ತೆರೆದಿಟ್ಟು ನಗರದ ದೀಪಗಳನ್ನು ಹಿಡಿದರು. ಕೊನೆಗೆ ಒಂದು ಕ್ಷಣ ಫ್ಲ್ಯಾಶ್ ಮಿಂಚಿತು. ಆ ಕ್ಷಣದಲ್ಲಿ ಕೋಣೆ, ಕುರ್ಚಿ, ಯುವತಿಯರು ಮೂಡಿದರು. ಏಳು ನಿಮಿಷದ ನಗರ, ಒಂದು ಕ್ಷಣದ ಮನೆ, ಎರಡೂ ಒಂದೇ ಹಾಳೆಯಲ್ಲಿ!

ಈ ಚಿತ್ರ ಜಗತ್ತಿನ ಅತಿ ಪ್ರಸಿದ್ಧ ವಾಸ್ತುಶಿಲ್ಪ ಛಾಯಾಚಿತ್ರಗಳಲ್ಲಿ ಒಂದಾಗಿ ಉಳಿದಿದೆ. 2016ರಲ್ಲಿ 'ಟೈಮ್' ಪತ್ರಿಕೆ ಆಯ್ದ ಸಾರ್ವಕಾಲಿಕ ನೂರು ಪ್ರಭಾವಶಾಲಿ ಛಾಯಾಚಿತ್ರಗಳಲ್ಲಿ ಇದೂ ಸೇರಿತ್ತು. ಆ ಮನೆ 2013ರಲ್ಲಿ ಅಮೆರಿಕದ ರಾಷ್ಟ್ರೀಯ ಐತಿಹಾಸಿಕ ಸ್ಥಳಗಳ ಪಟ್ಟಿಗೆ ಸೇರಿತು.

ಚಿತ್ರ ಹೇಳುವುದು ಪೂರ್ತಿ ಸತ್ಯವೇ?

ಶುಲ್ಮನ್ ಕೆಲಸದ ಬಗ್ಗೆ ಕೇಳಲೇಬೇಕಾದ ಪ್ರಶ್ನೆ ಇದು. ಹೊಸದಾಗಿ ಕಟ್ಟಿದ ಮನೆಯ ಮುಂದೆ ತೋಟ ಇನ್ನೂ ಚಿಗುರಿರುವುದಿಲ್ಲ. ಅವರು ಹೂಕುಂಡಗಳನ್ನು ತಂದಿಡುತ್ತಿದ್ದರು, ಕೊಂಬೆಯೊಂದನ್ನು ಕ್ಯಾಮೆರಾದ ಮುಂದೆ ಹಿಡಿಸಿ ಮರವಿದ್ದಂತೆ ತೋರಿಸುತ್ತಿದ್ದರು. ಆಕಾಶ ನಾಟಕೀಯವಾಗಿ ಕಪ್ಪಾಗಲೆಂದು ಇನ್‌ಫ್ರಾರೆಡ್ ಫಿಲ್ಮ್ ಬಳಸುತ್ತಿದ್ದರು. ಪೀಠೋಪಕರಣಗಳನ್ನು ಜರುಗಿಸುತ್ತಿದ್ದರು. ಈ ಕೊನೆಯದರ ಬಗ್ಗೆ ನಾಯ್ಟ್ರಾ ಅವರಿಗೂ ಇವರಿಗೂ ಜಗ್ಗಾಟ ನಡೆಯುತ್ತಲೇ ಇತ್ತು. ವಾಸ್ತುಶಿಲ್ಪಿಗೆ ಕೋಣೆ ಬರಿದಾಗಿ, ಗೆರೆಗಳು ಸ್ಪಷ್ಟವಾಗಿ ಕಂಡರೆ ಸಾಕು. ಶುಲ್ಮನ್‌ರಿಗೆ ಅಲ್ಲಿ ಯಾರೋ ಬದುಕುತ್ತಿದ್ದಾರೆಂದು ಅನ್ನಿಸಬೇಕು.

ಆದರೆ ಆ ಬದುಕಾದರೂ ಎಂಥದು? ಸಿಂಕಿನಲ್ಲಿ ತೊಳೆಯದ ಪಾತ್ರೆಯಿಲ್ಲ, ಹಗ್ಗದ ಮೇಲೆ ಬಟ್ಟೆಯಿಲ್ಲ, ಅಳುವ ಮಗುವಿಲ್ಲ. ಚೆನ್ನಾಗಿ ಉಟ್ಟು ತೊಟ್ಟವರು ಸದಾ ಬಿಡುವಾಗಿ ಕೂತಿರುತ್ತಾರೆ. ಸಾಮಾನ್ಯರಿಗಾಗಿ ಮಾದರಿಯೆಂದು ಹೊರಟ ಮನೆಗಳು ಸಾವಿರ ಸಂಖ್ಯೆಯಲ್ಲಿ ಮರುಹುಟ್ಟು ಪಡೆಯಲಿಲ್ಲ. ಬರಬರುತ್ತ ಅವು ಸಿರಿವಂತರ ಸ್ವತ್ತುಗಳಾದವು. ಚಿತ್ರಗಳು ಮಾರಿದ್ದು ಮನೆಗಿಂತ ಹೆಚ್ಚಾಗಿ ಒಂದು ಕನಸನ್ನು ಎಂಬ ಟೀಕೆಯಲ್ಲಿ ಹುರುಳಿದೆ. ಶುಲ್ಮನ್ ಈ ಬಗ್ಗೆ ಮುಚ್ಚುಮರೆ ಮಾಡಿದವರಲ್ಲ. ತಮ್ಮ ಉಪಾಯಗಳನ್ನೆಲ್ಲ 1962ರಲ್ಲಿ ಪುಸ್ತಕವಾಗಿಯೇ ಬರೆದು ಕಿರಿಯರಿಗೆ ಕಲಿಸಿಕೊಟ್ಟರು. ಅವರು ಸುದ್ದಿಚಿತ್ರಕಾರರಲ್ಲ, ವಾಸ್ತುಶಿಲ್ಪಿಯ ಆಶಯವನ್ನು ಓದುಗರಿಗೆ ಮುಟ್ಟಿಸುವ ಕೆಲಸ ಅವರದು. ಎರಡರ ನಡುವಿನ ವ್ಯತ್ಯಾಸವನ್ನು ಚಿತ್ರ ತೆಗೆಯುವವರೂ ತಿಳಿದಿರಬೇಕು, ನೋಡುವವರೂ ತಿಳಿದಿರಬೇಕು.

ಅವರ ಕ್ಯಾಮೆರಾ ಶ್ರೀಮಂತರ ಮನೆಗಳಲ್ಲೇ ನಿಲ್ಲಲಿಲ್ಲ ಎಂಬುದನ್ನೂ ಹೇಳಬೇಕು. ಅಂಗಡಿ, ಸಿನಿಮಾ ಮಂದಿರ, ಕಚೇರಿ, ಕಾರ್ಖಾನೆ, ಬೀದಿ, ಹೊಸದಾಗಿ ಎದ್ದ ಬಡಾವಣೆಗಳು ಎಲ್ಲವೂ ಅವರ ನೆಗೆಟಿವ್‌ಗಳಲ್ಲಿವೆ. ಲಾಸ್ ಏಂಜಲೀಸಿನ ನಡುವೆ ಬಂಕರ್ ಹಿಲ್ ಎಂಬ ದಿಬ್ಬದ ಮೇಲೆ ಹಳೆಯ ಕಾಲದ ಮರದ ಮನೆಗಳಿದ್ದವು. 1959ರಲ್ಲಿ ಒಪ್ಪಿಗೆ ಪಡೆದ ನಗರ ಪುನರ್ನಿರ್ಮಾಣ ಯೋಜನೆಯಲ್ಲಿ ಅವುಗಳನ್ನು ನೆಲಸಮ ಮಾಡಿ ಗಗನಚುಂಬಿಗಳನ್ನು ಎಬ್ಬಿಸಲಾಯಿತು. ಆ ಹಳೆಯ ಮನೆಗಳನ್ನೂ, ಅವುಗಳ ಬೆನ್ನಿಗೇ ಏಳುತ್ತಿದ್ದ ಹೊಸ ಗೋಪುರಗಳನ್ನೂ ಶುಲ್ಮನ್ ಚಿತ್ರೀಕರಿಸಿದ್ದಾರೆ. ಹೊಸದರ ಪ್ರಚಾರಕನೆಂದು ಹೆಸರಾದ ಛಾಯಾಗ್ರಾಹಕನೇ ಹೋಗುತ್ತಿದ್ದ ಹಳೆಯದಕ್ಕೂ ಸಾಕ್ಷಿಯಾದ.

ಪೆಟ್ಟಿಗೆಯಲ್ಲಿ ಉಳಿದ ನಗರ

1950ರಲ್ಲಿ ಹಾಲಿವುಡ್ ಗುಡ್ಡದ ಮೇಲೆ ಸೊರಿಯಾನೊ ಕಟ್ಟಿಕೊಟ್ಟ ಉಕ್ಕಿನ ಚೌಕಟ್ಟಿನ ಮನೆಯಲ್ಲೇ ಶುಲ್ಮನ್ ಸುಮಾರು ಅರವತ್ತು ವರ್ಷ ಬಾಳಿದರು. ಪಕ್ಕದ ಸ್ಟುಡಿಯೋದಲ್ಲಿ ತಾವು ತೆಗೆದ ಪ್ರತಿಯೊಂದು ಕೆಲಸದ ನೆಗೆಟಿವ್‌ಗೂ ಸಂಖ್ಯೆ ಹಾಕಿ ಜೋಡಿಸಿಟ್ಟರು. ಛಾಯಾಗ್ರಾಹಕರಿಗೆ ಬೇಸರ ತರಿಸುವ ಈ ಗುಮಾಸ್ತೆ ಕೆಲಸವೇ ಮುಂದೆ ಅವರನ್ನು ಕಾಯ್ದದ್ದು. ಒಂದು ಚಿತ್ರವನ್ನು ವಾಸ್ತುಶಿಲ್ಪಿ ಕೇಳಿದರೂ, ಪತ್ರಿಕೆ ಕೇಳಿದರೂ, ಹತ್ತು ವರ್ಷದ ಮೇಲೆ ಪುಸ್ತಕ ಬರೆಯುವವರು ಕೇಳಿದರೂ ತೆಗೆದುಕೊಡುವಂತಿತ್ತು. 1969ರಲ್ಲಿ ಅಮೆರಿಕದ ವಾಸ್ತುಶಿಲ್ಪಿಗಳ ಸಂಸ್ಥೆ ಅವರಿಗೆ ಛಾಯಾಗ್ರಹಣದ ಪದಕ ನೀಡಿ ಗೌರವಿಸಿತು.

1980ರ ದಶಕದಲ್ಲಿ ಕಾಲ ಬದಲಾಯಿತು. ಕಟ್ಟಡಗಳಲ್ಲಿ ಬೇರೆ ಬಗೆಯ ಅಲಂಕಾರ ಬಂತು; ಅದು ಶುಲ್ಮನ್‌ರಿಗೆ ಒಗ್ಗಲಿಲ್ಲ. ವೃತ್ತಿಯಿಂದ ಹಿಂದೆ ಸರಿದರು. ಅವರು ಚಿತ್ರೀಕರಿಸಿದ್ದ ಹಲವು ಮನೆಗಳು ಹೊಸ ಮಾಲೀಕರ ಕೈಗೆ ಬಂದು, ಗೋಡೆ ಒಡೆದು ಕೋಣೆ ಸೇರಿಸಿ ಗುರುತು ಸಿಗದಂತಾಗಿದ್ದವು. ಕಾಫ್‌ಮನ್ ಮನೆಯ ಗತಿಯೂ ಅದೇ ಆಗಿತ್ತು. 1990ರ ದಶಕದಲ್ಲಿ ಅದನ್ನು ಕೊಂಡವರು ಮನೆಯನ್ನು ಮೂಲ ರೂಪಕ್ಕೆ ತರಲು ನಿರ್ಧರಿಸಿದರು. ಆದರೆ ಮೂಲ ರೂಪ ಯಾವುದು? ವಾಸ್ತುಶಿಲ್ಪಿ ನಾಯ್ಟ್ರಾ 1970ರಲ್ಲೇ ತೀರಿಕೊಂಡಿದ್ದರು. ಉತ್ತರ ಸಿಕ್ಕಿದ್ದು ಶುಲ್ಮನ್‌ರ ನೆಗೆಟಿವ್‌ಗಳಲ್ಲಿ. ಎಲ್ಲೂ ಅಚ್ಚಾಗದೆ ಉಳಿದಿದ್ದ ಚಿತ್ರಗಳನ್ನೂ ಮುಂದಿಟ್ಟುಕೊಂಡು, ಯಾವ ಗೋಡೆ ಎಲ್ಲಿತ್ತು, ಯಾವ ಕಲ್ಲು ಹೇಗಿತ್ತು ಎಂದು ನೋಡಿ ನೋಡಿ ಮನೆಯನ್ನು ಮತ್ತೆ ಕಟ್ಟಲಾಯಿತು. ಅರ್ಧ ಶತಮಾನದ ಹಿಂದೆ ಮನೆಯನ್ನು ನೋಡಿ ಚಿತ್ರ ತೆಗೆದಿದ್ದರು. ಈಗ ಚಿತ್ರ ನೋಡಿ ಮನೆ ಕಟ್ಟಿದರು!

ಆ ವೇಳೆಗೆ ಹೊಸ ತಲೆಮಾರಿಗೆ ಆ ಮನೆಗಳ ಬಗ್ಗೆ ಆಸಕ್ತಿ ಹುಟ್ಟಿತ್ತು. ಶುಲ್ಮನ್‌ರಿಗೆ ಮತ್ತೆ ಕರೆ ಬಂತು. 2000ದಿಂದ ಜರ್ಮನ್ ಮೂಲದ ಛಾಯಾಗ್ರಾಹಕ ಯೂರ್ಗನ್ ನೊಗಾಯ್ ಅವರ ಜೊತೆಗೂಡಿ, ತೊಂಬತ್ತು ದಾಟಿದ ವಯಸ್ಸಿನಲ್ಲೂ ಚಿತ್ರ ತೆಗೆದರು. 2005ರಲ್ಲಿ ಲಾಸ್ ಏಂಜಲೀಸಿನ ಗೆಟ್ಟಿ ಸಂಶೋಧನಾ ಸಂಸ್ಥೆ ಅವರ ಸಂಗ್ರಹವನ್ನು ಪಡೆದುಕೊಂಡಿತು. ನೆಗೆಟಿವ್, ಪ್ರಿಂಟು, ಪಾರದರ್ಶಿಕೆಗಳು ಎಲ್ಲ ಸೇರಿ ಎರಡು ಲಕ್ಷ ಅರವತ್ತು ಸಾವಿರಕ್ಕೂ ಹೆಚ್ಚು! ಅದೇ ವರ್ಷ ವುಡ್‌ಬರಿ ವಿಶ್ವವಿದ್ಯಾಲಯ ಅವರ ಹೆಸರಿನಲ್ಲೇ ಒಂದು ಸಂಸ್ಥೆ ಸ್ಥಾಪಿಸಿತು. ಏಳು ವರ್ಷ ಕೂತರೂ ಪದವಿ ಪಡೆಯದೆ ಹೋದವರ ಹೆಸರು ವಿಶ್ವವಿದ್ಯಾಲಯವೊಂದರ ಬಾಗಿಲ ಮೇಲೆ ಬಂತು. 2009ರ ಜುಲೈ 15ರಂದು, 98ನೆಯ ವಯಸ್ಸಿನಲ್ಲಿ, ತಮ್ಮ ಮನೆಯಲ್ಲೇ ಅವರು ಕೊನೆಯುಸಿರೆಳೆದರು.

ಕಲಿಯುವವರಿಗೆ, ಕಲಿಸುವವರಿಗೆ

ಈ ಕಥೆಯನ್ನು ಓದಿ 'ಪದವಿಯೇ ಬೇಡ' ಎಂದು ಯಾವ ವಿದ್ಯಾರ್ಥಿಯೂ ತೀರ್ಮಾನಿಸಬೇಕಾಗಿಲ್ಲ. ಶುಲ್ಮನ್ ಪಾಠಗಳನ್ನು ತಪ್ಪಿಸಿಕೊಂಡವರಲ್ಲ. ಏಳು ವರ್ಷ ಪಾಠ ಕೇಳಿದವರು. ಅವರು ಬಿಟ್ಟದ್ದು ಪರೀಕ್ಷೆಯನ್ನು, ಕಲಿಕೆಯನ್ನಲ್ಲ. 1936ರಲ್ಲಿ ಅವರ ವೃತ್ತಿಗೆ ಕಾಲೇಜೂ ಇರಲಿಲ್ಲ, ಹೆಚ್ಚು ಪೈಪೋಟಿಯೂ ಇರಲಿಲ್ಲ. ಮನೆಯ ಆಸರೆಯೂ ಇತ್ತು. ಇಂದಿನ ಹುಡುಗ ಹುಡುಗಿಯರಿಗೆ ಛಾಯಾಗ್ರಹಣವನ್ನೂ ವಾಸ್ತುಶಿಲ್ಪವನ್ನೂ ಕ್ರಮವಾಗಿ ಕಲಿಸುವ ಕಾಲೇಜುಗಳಿವೆ. ಅವನ್ನು ಬಳಸಿಕೊಳ್ಳುವುದೇ ಜಾಣತನ.

ಪೋಷಕರು ಗಮನಿಸಬೇಕಾದದ್ದು ಬೇರೆ. ಮಗ ಅಥವಾ ಮಗಳು ಯಾರೂ ಹೇಳದಿದ್ದರೂ ಯಾವ ಕೆಲಸವನ್ನು ಮತ್ತೆ ಮತ್ತೆ ಮಾಡುತ್ತಾರೆ? ಅದರಲ್ಲಿ ಮೊದಲಿಗಿಂತ ಎರಡನೆಯದು, ಎರಡನೆಯದಕ್ಕಿಂತ ಮೂರನೆಯದು ಚೆನ್ನಾಗಿದೆಯೇ? ಅದರಿಂದ ಚಿಕ್ಕದಾದರೂ ಸಂಪಾದನೆಯ ದಾರಿ ಕಾಣುತ್ತಿದೆಯೇ? ಬರ್ಕ್ಲಿಯ ಪುಸ್ತಕದಂಗಡಿಯಲ್ಲಿ ಮಾರಾಟಕ್ಕಿದ್ದ ಚಿತ್ರಗಳು ಈ ಮೂರಕ್ಕೂ ಉತ್ತರ ಹೇಳುತ್ತಿದ್ದವು. ನೋಡುವವರು ಬೇಕಿತ್ತು, ಅಷ್ಟೆ.

ಇನ್ನು ಚಿತ್ರ ತೆಗೆಯುವ ಆಸೆಯಿರುವ ವಿದ್ಯಾರ್ಥಿಗಳಿಗೆ ಮೊದಲ ಅಭ್ಯಾಸಕ್ಕೆ ದುಬಾರಿ ಕ್ಯಾಮೆರಾ ಬೇಡ. ಮನೆಯಲ್ಲಿರುವ ಮೊಬೈಲ್ ಫೋನು ಸಾಕು. ನಿಮ್ಮ ಶಾಲೆಯ ಕಟ್ಟಡವನ್ನೋ, ಬೀದಿಯ ಕೊನೆಯ ಹಂಚಿನ ಮನೆಯನ್ನೋ ಆರಿಸಿಕೊಳ್ಳಿ. ಮೊದಲ ದಿನ ಚಿತ್ರ ತೆಗೆಯಬೇಡಿ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಅದರ ಸುತ್ತ ನಡೆದು ಬಿಸಿಲು ಯಾವ ಗೋಡೆಗೆ ಯಾವಾಗ ಬೀಳುತ್ತದೆಂದು ಬರೆದುಕೊಳ್ಳಿ. ಮರುದಿನ ಕ್ಯಾಮೆರಾವನ್ನು ವಾಲಿಸದೆ, ಗೋಡೆಯ ಗೆರೆಗಳು ನೇರ ಬರುವಂತೆ ಹಿಂದೆ ಸರಿದು ನಿಂತು ತೆಗೆಯಿರಿ. ಹೊತ್ತು ಮುಳುಗಿದ ಮೇಲೆ, ಆಕಾಶದಲ್ಲಿ ಇನ್ನೂ ನೀಲಿಯಿರುವಾಗ, ಒಳಗೆ ದೀಪ ಹಾಕಿದ ಕ್ಷಣದಲ್ಲಿ ಮತ್ತೊಂದು ತೆಗೆಯಿರಿ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಆಮೇಲೆ ಊರು, ಬೀದಿ, ತಾರೀಖು, ಮನೆಯ ವಿವರ ಬರೆದು ಜೋಪಾನವಾಗಿಡಿ. ಆ ಹಂಚಿನ ಮನೆ ಇನ್ನು ಹತ್ತು ವರ್ಷಕ್ಕೆ ಇರುತ್ತದೆಯೋ ಇಲ್ಲವೋ ಹೇಳಲಾಗದು. ಅದರ ಏಕೈಕ ಸಾಕ್ಷಿ ನಿಮ್ಮ ಬಳಿಯೇ ಇರಬಹುದು.